ಗಂಡನ ಹಳೆಯ ಪೈಜಾಮ

ಅಥಣಿಯ ಚಂದ್ರಮತಿಬಾಯಿಗೆ ಮೆಚ್ಚಿಗೆಯಾಗುವ ಸಂಗತಿಗಳು ಈ ಲೋಕದಲ್ಲಿ ಬಹಳ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ನೋಡಿ, ಒಂದು ಕುಂದು ಹುಡುಕಿ, ಪಕ್ಕಕ್ಕೆ ಇಡುವುದು ಅವಳ ಸ್ವಭಾವ. ಪೇಟೆಯ ತರಕಾರಿಯವರು ಅವಳು ಬರುವುದನ್ನು ಕಂಡರೆ ಒಳ್ಳೆಯ ಬದನೆಕಾಯಿಗಳನ್ನು ಮೇಲಕ್ಕೆ ತರುತ್ತಿದ್ದರು, ಆದರೂ ಬೈಸಿಕೊಳ್ಳುತ್ತಿದ್ದರು. ಗಂಡ ತಾತ್ಯಾಸಾಹೇಬರು ಊರಾಚೆಯ ದ್ರಾಕ್ಷಿ ತೋಟದಲ್ಲೇ ಹೆಚ್ಚು ಹೊತ್ತು ಇರುತ್ತಿದ್ದುದಕ್ಕೆ ದ್ರಾಕ್ಷಿಯೊಂದೇ ಕಾರಣವಲ್ಲ ಎಂದು ಜನ ಹೇಳುತ್ತಿದ್ದರು.

ಸೊಸೆ ತ್ರಿಶಲಾ ನಿಪ್ಪಾಣಿಯ ತಂಬಾಕು ವ್ಯಾಪಾರಸ್ಥರ ಮನೆಯವಳು. ಮಾತು ಕಡಿಮೆ, ಕೆಲಸ ಚೊಕ್ಕ. ಎರಡನೆಯ ಬಾಣಂತನದ ನಂತರ ಅವಳ ನಡ ಹಿಡಿದುಕೊಂಡಿತು. ಬಗ್ಗಿದರೆ ಏಳಲಾರಳು, ಎದ್ದರೆ ಬಗ್ಗಲಾರಳು. ಊರಿನ ಔಷಧವೆಲ್ಲ ಮುಗಿದ ಮೇಲೆ ಮಗ ಜಯಪಾಲ ಅವಳನ್ನು ಮಿರಜಿಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಬೆನ್ನಿನ ಫೋಟೋ ತೆಗೆಸಿ, ಎಲುಬು ಚಲೋ ಇದೆ, ಸುತ್ತಲಿನ ಮಾಂಸ ಸಡಿಲಾಗಿದೆ, ಯೋಗ ಮಾಡಿರಿ ಎಂದು ಹೇಳಿ ಕಳಿಸಿದರು.

“ಇಷ್ಟ ಹೇಳಾಕ ಮಿರಜಿಗೆ ಹೋಗಬೇಕಾಗಿತ್ತೇನ?” ಎಂದಳು ಚಂದ್ರಮತಿಬಾಯಿ. “ಬೀಸೂಕಲ್ಲಿನ ಮುಂದ ಕುಂದರ್ಸಿದ್ರ ನಾನೂ ನೆಟ್ಟಗ ಮಾಡತಿದ್ನಿ.”

ಹಿಟ್ಟಿನ ಗಿರಣಿ ಬಂದ ವರ್ಷವೇ ಬೀಸುವ ಕಲ್ಲನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಹಾಕಿಸಿದವಳು ತಾನೇ ಎಂಬುದು ಅವಳಿಗೆ ಆಗ ನೆನಪಾಗಲಿಲ್ಲ.

ಆ ಮಳೆಗಾಲದಲ್ಲಿ ಸಾಂಗಲಿಯಿಂದ ತಾರಾಬಾಯಿ ಎಂಬುವರು ವಾರದಲ್ಲಿ ಎರಡು ದಿನ ಬಸ್ಸಿಗೆ ಬಂದು ಪೇಟೆಯ ಮಂಗಲ ಕಾರ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಯೋಗ ಕಲಿಸತೊಡಗಿದ್ದರು. ಸಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ರಿಟೈರ್ ಆದವರು. ಒಣಕಲು ಮೈ, ಕತ್ತರಿಸಿದ ಬಿಳಿ ಕೂದಲು, ಮಾಸಿದ ಪಂಜಾಬಿ ಡ್ರೆಸ್ಸು, ಅರ್ಧ ಮರಾಠಿ ಅರ್ಧ ಕನ್ನಡ. ಮೊದಲನೆಯ ದಿನವೇ ಅವರು ಸಾಲಾಗಿ ಕುಳಿತ ಹೆಂಗಸರ ಪಾಲಿಸ್ಟರ್ ಸೀರೆಗಳನ್ನು ನೋಡಿ ತಲೆಯಲ್ಲಾಡಿಸಿದರು.

“ಸೈಲ ಕಪಡೇ ಪಾಹಿಜೇತ, ಬಾಯಿ. ಸಡಿಲ ಇರಬೇಕು, ಕಾಟನ್ನಿಂದಿರಬೇಕು. ಉಸಿರು ತಗೊಂಡ್ರ ಹೊಟ್ಟಿ ಉಬ್ಬತೈತಿ, ಬಿಟ್ರ ಒಳಗ ಹೋಗತೈತಿ. ಲಾಡಿ ಅದಕ್ಕ ಅಡ್ಡ ಬರಬಾರದು. ಪಿನ್ನು ಬ್ಯಾಡ, ಬಳಿ ಬ್ಯಾಡ, ಜರಿ ಬ್ಯಾಡ. ಸೀರಿ ಉಟಕೊಂಡು ಕಾಲ ಮ್ಯಾಲೆ ಎತ್ತಾಕ ಬರಂಗಿಲ್ಲ. ಮುಂದಿನ ಸಲದಿಂದ ಪಂಜಾಬಿ ಡ್ರೆಸ್ ಹಾಕ್ಕೊಂಡ ಬರ್ರಿ.”

ಇಷ್ಟು ಮಾತಿನಲ್ಲಿ ಪೇಟೆಯ ಹೆಂಗಸರ ಕಿವಿಗೆ ಬಿದ್ದದ್ದು ಕಡೆಯ ಒಂದೇ ವಾಕ್ಯ. ಆಗಿನ ಅಥಣಿಯಲ್ಲಿ ದೊಡ್ಡ ಮನೆತನದ ಸೊಸೆಯಂದಿರು ಪಂಜಾಬಿ ಡ್ರೆಸ್ಸು ಹಾಕುವ ಮಾತೇ ಇರಲಿಲ್ಲ. ಕಾಲೇಜಿಗೆ ಹೋಗುವಾಗ ಹಾಕಿದ್ದನ್ನು ಲಗ್ನದ ಹಿಂದಿನ ದಿನ ತಂಗಿಗೆ ಕೊಟ್ಟು, ಸೀರೆಯುಟ್ಟು ಗಂಡನ ಮನೆಗೆ ಬರಬೇಕು. ಮತ್ತೆ ಅದರ ಹೆಸರೆತ್ತಿದರೆ ಅತ್ತೆಯಂದಿರ ಹುಬ್ಬು ಏರುತ್ತಿತ್ತು. ಈಗ ಆರೋಗ್ಯದ ಹೆಸರಿನಲ್ಲಿ, ಅದೂ ಸಾಂಗಲಿಯ ಬಾಯಿಯ ಅಪ್ಪಣೆಯಿಂದ, ಬಾಗಿಲು ತೆರೆದಿತ್ತು. ಅಲ್ಲಿಯತನಕ ಊರಿನಲ್ಲಿ ಯಾರಿಗೂ ಇಲ್ಲದ ನಡನೋವು, ಮೊಣಕಾಲುನೋವು ಒಂದೇ ವಾರದಲ್ಲಿ ಬೀದಿಬೀದಿಗೆ ಕಾಣಿಸಿಕೊಂಡಿತು.

ಚಂದ್ರಮತಿಬಾಯಿಗೆ ಇದು ಕೂಡಲೇ ಗೊತ್ತಾಯಿತು. “ಇವಕ್ಕ ನಡಾನೂ ನೋಯಂಗಿಲ್ಲ, ಮೊಣಕಾಲೂ ನೋಯಂಗಿಲ್ಲ. ಇವಕ್ಕ ಸೀರಿ ನೋಯಾಕತ್ತಾವ,” ಎಂದಳು.

ಬಟ್ಟೆಯಂಗಡಿಯ ಶ್ರೀಪಾಲನಿಗಂತೂ ಹಬ್ಬ. ಹೋದ ದೀಪಾವಳಿಗೆ ತರಿಸಿ ಮಾರಾಟವಾಗದೆ ಉಳಿದಿದ್ದ ಸ್ಯಾಟಿನ್ನಿನ ಥಾನುಗಳ ಧೂಳು ಝಾಡಿಸಿ ಮುಂದೆ ಇಟ್ಟು, ‘ಯೋಗಾ ಡ್ರೆಸ್ ಮಟೀರಿಯಲ್ ಬಂದಿದೆ’ ಎಂದು ಅಂಗಡಿಯ ಮೇಲೆ ಬೋರ್ಡು ಬರೆಸಿದ. ಯೋಗಕ್ಕೆ ಸ್ಯಾಟಿನ್ ಯಾಕೆ ಎಂದು ಒಬ್ಬಳೂ ಕೇಳಲಿಲ್ಲ. ಹೊಂದುವ ಓಡ್ನಿ ಸಿಗುತ್ತದೆಯೇ ಎಂದು ಎಲ್ಲರೂ ಕೇಳಿದರು. ರಸ್ತೆ ಗುತ್ತಿಗೆದಾರನ ಹೆಂಡತಿ ಸೋನಾಬಾಯಿ ಮಾತ್ರ ಸ್ಯಾಟಿನ್ನನ್ನು ಮುಟ್ಟಲಿಲ್ಲ. ಅವಳು ಕಾಫಿ ಬಣ್ಣದ ಮಖಮಲ್ಲು ಕೊಂಡು, ಅದಕ್ಕೆ ಬೆನ್ನಿನ ತುಂಬ ಸಣ್ಣ ಕನ್ನಡಿ ಹಚ್ಚಿಸಿ, ಹೊಲಿದು ಬಂದ ದಿನವೇ ಚಂದ್ರಮತಿಬಾಯಿಗೆ ತೋರಿಸಲಿಕ್ಕೆ ತಂದಳು.

“ಚಿಕ್ಕೋಡಿಯಿಂದ ರಾಯಬಾಗದ ತನಕ ಇಂಥಾದ್ದೊಂದ ಇಲ್ಲ ಅಂದ್ರಿ ಟೇಲರ್,” ಎಂದಳು ಸೋನಾಬಾಯಿ.

ಚಂದ್ರಮತಿಬಾಯಿ ಮಖಮಲ್ಲನ್ನು ಬೆರಳಿನಿಂದ ಒತ್ತಿ ನೋಡಿದಳು. “ಇರಬೇಕ ಯಾಕ? ಗಾದಿಗೆ ಹಾಕೂ ಅರಿವಿ ಇದು. ಇದನ್ನ ಹಾಕ್ಕೊಂಡ ಬೆನ್ನ ಮ್ಯಾಲೆ ಮಲಗತೀರೇನ?”

“ಮಲಗೂದ ಎಲ್ಲಾಕಿಂತ ಕಡೀಕ ಐತ್ರಿ.”

“ಹಂಗಾರ ಅಲ್ಲೀಮಟ ಕನ್ನಡ್ಯಾಗ ಯಾರ ಮಾರಿ ನೋಡಕೋತಾರ? ಹಿಂದ ಕುಂತವರ?”

ಸೋನಾಬಾಯಿ ನಕ್ಕು, ಚಹಾ ಕುಡಿದು ಹೋದಳು. ಅಪಮಾನ ಅವಳ ಮಖಮಲ್ಲಿನ ಒಳಕ್ಕೆ ಇಳಿಯುತ್ತಿರಲಿಲ್ಲ.

ಅದೇ ಸಂಜೆ ತ್ರಿಶಲಾ ರೊಟ್ಟಿ ಬಡಿಯುತ್ತ, ತಲೆಯೆತ್ತದೆ, ತನಗೂ ಒಂದು ಕಾಟನ್ ಡ್ರೆಸ್ಸು ಹೊಲಿಸಬಹುದೇ ಎಂದು ಕೇಳಿದಳು.

“ನಿನಗ ನಡಾ ನೆಟ್ಟಗಾಗಬೇಕೋ, ಓಡ್ನಿ ಹಾರಬೇಕೋ?” ಎಂದಳು ಚಂದ್ರಮತಿಬಾಯಿ. “ಸೀರ್ಯಾಗ ನಾವು ಹೊಲಾ ಕಳೇ ತಗದೇವಿ, ಕಾಳಿನ ಹಗೇವಿಗೆ ಇಳದೇವಿ, ಹಡದೇವಿ. ಕಾಲ ಎತ್ತಾಕ ನಿನಗೊಬ್ಬಾಕಿಗೆ ಅಡ್ಡ ಬರತೈತೇನ ಅದು?”

ತ್ರಿಶಲಾ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ರಾತ್ರಿ ಊಟಕ್ಕೆ ಬಂದ ಜಯಪಾಲನನ್ನು ಕೇಳಿದಳು. ಅವನು “ಅವ್ವಗ ಕೇಳು” ಎಂದು ಕೈ ತೊಳೆದುಕೊಂಡ. ಅವನ ಸಂಸಾರವೆಲ್ಲ ಈ ಎರಡು ಶಬ್ದಗಳ ಮೇಲೆ ನಡೆದಿತ್ತು.

ಹೀಗಾಗಿ ತ್ರಿಶಲಾ ಸೀರೆಯಲ್ಲೇ ಹೋದಳು. ನಿರಿಗೆಗೆ ಪಿನ್ನು, ಹೆಗಲಿಗೆ ಪಿನ್ನು, ಸೆರಗು ಸೊಂಟಕ್ಕೆ. ತಾರಾಬಾಯಿ ಬೆನ್ನ ಮೇಲೆ ಮಲಗಿ ಕಾಲೆತ್ತಿರಿ ಎಂದಾಗ ಸೀರೆ ಮೊಣಕಾಲು ದಾಟಿ ತೊಡೆಯ ಕಡೆಗೆ ಜಾರಿತು. ಅವಳು ಅದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಳು; ಹಿಡಿದ ರಭಸಕ್ಕೆ ನಡದಲ್ಲಿ ಸಿಡಿಲು ಹೊಡೆದಂತಾಯಿತು. ಹಿಂದಿನ ಸಾಲಿನ ಸ್ಯಾಟಿನ್ನುಗಳು ಕಿಸಕ್ಕನೆ ನಕ್ಕವು. ತಾರಾಬಾಯಿ ಬೇಸರದಿಂದ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, “ನೀ ಬರೇ ಉಸಿರು ಎಳಕೋ” ಎಂದರು. ಅಲ್ಲಿಂದ ಮುಂದೆ ತ್ರಿಶಲಾಳ ಯೋಗವೆಂದರೆ ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳುವುದು. ನೋವು ಇದ್ದಲ್ಲೇ ಇತ್ತು. ಮನೆಗೆ ಬಂದ ಸೊಸೆ ನಡ ಹಿಡಿದುಕೊಂಡು ಹೊಸ್ತಿಲು ದಾಟುವುದನ್ನು ನೋಡಿ ಚಂದ್ರಮತಿಬಾಯಿಗೆ ಮರುಕವೂ ಆಗುತ್ತಿತ್ತು, ತನ್ನ ಮಾತು ಖರೆಯಾಯಿತೆಂಬ ಸಮಾಧಾನವೂ ಆಗುತ್ತಿತ್ತು. ಎರಡರಲ್ಲಿ ಸಮಾಧಾನವೇ ತುಸು ಹೆಚ್ಚು. “ಎಲ್ಲಾ ಸುಳ್ಳ ಐತಿ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಆದರೆ ಗಣಪತಿ ಹಬ್ಬ ಕಳೆದ ಮೇಲೆ ಒಂದು ಮುಂಜಾನೆ ತ್ರಿಶಲಾ ಹಿತ್ತಲಿನಲ್ಲಿ ನೀರು ತುಂಬಿದ ತಾಮ್ರದ ಕೊಡವನ್ನು ಬಗ್ಗಿ ಎತ್ತಿದಳು. ಎತ್ತಿ, ನೆಟ್ಟಗೆ ನಿಂತು, ಒಳಗೆ ಹೋದಳು. ಚಂದ್ರಮತಿಬಾಯಿ ಹಲ್ಲು ತಿಕ್ಕುವುದನ್ನು ನಿಲ್ಲಿಸಿ ನೋಡಿದಳು. ಅದರ ಮರುವಾರ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಲು ಹೋದಾಗ, ಹಾಸಿಗೆಯ ಚಾದರಿನ ಹಿಂದೆ ಮರೆಮಾಡಿ ಒಣಹಾಕಿದ್ದ ಬಟ್ಟೆ ಕಂಡಿತು. ಒಂದು ಜಯಪಾಲನ ಹಳೆಯ ಬಿಳಿ ಪೈಜಾಮ. ಕಾಲಿನ ತುದಿ ಕತ್ತರಿಸಿ ಮಡಚಿ ಹೊಲಿದಿತ್ತು; ಬಿರುಸಾದ ಲಾಡಿ ತೆಗೆದು ಮೆತ್ತನೆಯ ಅರಿವೆಯ ಪಟ್ಟಿ ಪೋಣಿಸಿತ್ತು. ಇನ್ನೊಂದು ತಾತ್ಯಾಸಾಹೇಬರ ಹರಕು ಕಾಟನ್ ನೆಹರು ಶರ್ಟು. ಅದರ ಬಗಲುಗಳನ್ನು ಬಿಚ್ಚಿ ಅಗಲ ಮಾಡಿ, ಹರಿದಲ್ಲಿ ತೇಪೆ ಹಾಕಿತ್ತು. ಪೈಜಾಮದ ಮೊಣಕಾಲಿಗೆ ಕಾರ್ಯಾಲಯದ ಜಮಖಾನೆಯ ಕೆಂಪು ಬಣ್ಣ ಹತ್ತಿತ್ತು, ತೊಳೆದರೂ ಹೋಗಿರಲಿಲ್ಲ.

ಚಂದ್ರಮತಿಬಾಯಿ ಹಪ್ಪಳದ ತಟ್ಟೆ ಹಿಡಿದೇ ನಿಂತಳು. ಎಲ್ಲ ಹೊಳೆಯಿತು: ಸೊಸೆ ಪೈಜಾಮವನ್ನು ಸೀರೆಯ ಒಳಗೆ ಹಾಕಿಕೊಂಡು, ಶರ್ಟನ್ನು ಮಡಚಿ ಒಯ್ದು, ಕಾರ್ಯಾಲಯದಲ್ಲಿ ಸೀರೆ ಬಿಚ್ಚಿಟ್ಟು, ಮತ್ತೆ ಉಟ್ಟುಕೊಂಡು ಬರುತ್ತಿದ್ದಳು. ಅದು ಎಷ್ಟು ದಿನದಿಂದಲೋ.

ಮಧ್ಯಾಹ್ನ ಊಟಕ್ಕೆ ಕೂತ ಮಗನನ್ನು ಕೇಳಿದಳು. “ಜಯಪಾಲ, ನಿನ್ನ ಹಳೇ ಪೈಜಾಮ ಎಲ್ಲಿ ಐತೋ?”

“ಯಾವ ಪೈಜಾಮ?”

ತನ್ನ ಮೈಮೇಲಿನ ಬಟ್ಟೆ ಹೋದದ್ದು ಗೊತ್ತಿಲ್ಲದವನಿಗೆ ಹೆಂಡತಿಯ ನಡ ಹೇಗೆ ಗೊತ್ತಾಗಬೇಕು ಎಂದು ಅವಳಿಗೆ ಅನ್ನಿಸಿತು. ಆದರೆ ಆಡಲಿಲ್ಲ. ಆ ಮಾತನ್ನು ಅವನಿಗೆ ಆಡಿದರೆ ತನಗೂ ಸ್ವಲ್ಪ ತಾಗುತ್ತಿತ್ತು.

ಮುಂದಿನ ಯೋಗದ ದಿನ ತ್ರಿಶಲಾ ಹೋದ ಸ್ವಲ್ಪ ಹೊತ್ತಿಗೆ ಅವಳೂ ಚಪ್ಪಲಿ ಮೆಟ್ಟಿ ಹೊರಟಳು. ಕೈಗೆ ಸಿಕ್ಕಿಬಿದ್ದ ಸೊಸೆಗೆ ಎಲ್ಲರ ಮುಂದೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಕಾರ್ಯಾಲಯದಲ್ಲಿ ಜಮಖಾನೆ ಹಾಸಿತ್ತು. ಸ್ಯಾಟಿನ್ನಿನವರು ಅದರ ಮೇಲೆ ನಿಂತಲ್ಲಿ ನಿಲ್ಲದೆ ಜಾರುತ್ತಿದ್ದರು. ಕಾಲು ಅಗಲಿಸಿ ನಿಲ್ಲಿರಿ ಎಂದರೆ ಅಗಲುತ್ತಲೇ ಹೋಗುತ್ತಿದ್ದರು. ಒಬ್ಬಳು ಉಸಿರೆಳೆದಾಗೊಮ್ಮೆ ಓಡ್ನಿ ಸರಿಪಡಿಸಿ, ಉಸಿರು ಬಿಟ್ಟಾಗೊಮ್ಮೆ ಮತ್ತೆ ಸರಿಪಡಿಸುತ್ತಿದ್ದಳು. ಇನ್ನೊಬ್ಬಳು ಇಸ್ತ್ರಿಯ ಮಡಿಕೆ ಮುರಿಯುತ್ತದೆಂದು ಕುಳಿತೇ ಇರಲಿಲ್ಲ. ಸೋನಾಬಾಯಿ ಮಖಮಲ್ಲಿನೊಳಗೆ ಬೆವೆತು ನೀರಾಗಿ, ಬೆನ್ನ ಮೇಲೆ ಮಲಗಿ, “ಕನ್ನಡಿ ಚುಚ್ಚಾಕತ್ತಾವ್ರಿ ಬಾಯಿ,” ಎಂದು ನರಳುತ್ತಿದ್ದಳು.

ಮೂಲೆಯಲ್ಲಿ ತ್ರಿಶಲಾ ಹೊಟ್ಟೆಯ ಮೇಲೆ ಮಲಗಿದ್ದಳು. ಕೈ ಹಿಂದಕ್ಕೆ ಚಾಚಿ ಎರಡೂ ಕಣಕಾಲು ಹಿಡಿದು, ಎದೆಯನ್ನೂ ತೊಡೆಯನ್ನೂ ನೆಲದಿಂದ ಎತ್ತಿದ್ದಳು. ತೇಪೆಯ ಶರ್ಟು ಮೈಯೊಡನೆ ಏರಿತು, ಇಳಿಯಿತು. ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಮುಖ ಕೆಂಪಾಗಿತ್ತು. ಆದರೆ ಅಡುಗೆಮನೆಯಲ್ಲಿ ಕೆಳಗೆ ಬಿದ್ದ ಚಮಚ ಎತ್ತುವಾಗ ಇರುತ್ತಿದ್ದ ಆ ಹಲ್ಲುಕಚ್ಚಿದ ಮುಖವಲ್ಲ. ಅತ್ತೆಯನ್ನು ಕಂಡೊಡನೆ ಅವಳು ಕಾಲು ಬಿಟ್ಟು ಎದ್ದು ಕುಳಿತಳು.

ಚಂದ್ರಮತಿಬಾಯಿ ಜೋಡಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬರುವ ಮೊದಲೇ ಸೋನಾಬಾಯಿ ಮಲಗಿದಲ್ಲಿಂದ ಕತ್ತೆತ್ತಿದಳು.

“ಬರ್ರಿ ಚಂದ್ರಮತಿಬಾಯಿ. ನಿಮ್ಮ ದ್ರಾಕ್ಷಿ ಮುಂಬೈಮಟ ಹೋಗತಾವ. ಸೊಸಿಗೆ ಒಂದ ಜೋಡಿ ಹೊಲಸಾಕ ಆಗಲಿಲ್ಲೇನ್ರಿ? ತ್ಯಾಪಿ ಹಾಕ್ಕೊಂಡ ಬರತಾಳ ಪಾಪ.”

ಸಾಲಿನಲ್ಲಿ ನಗೆ ಹರಿಯಿತು. ಚಂದ್ರಮತಿಬಾಯಿಯ ಕಿವಿ ಬಿಸಿಯಾಯಿತು. ತನ್ನ ಮನೆಯ ಸೊಸೆ ಊರಿನವರ ಮುಂದೆ ಹರಕು ಬಟ್ಟೆಯಲ್ಲಿ ಕುಳಿತಿದ್ದಾಳೆ, ಕೂರಿಸಿದವಳು ತಾನು. ಈ ಸಿಟ್ಟನ್ನು ಎಲ್ಲಿಯಾದರೂ ಇಳಿಸಲೇಬೇಕಿತ್ತು. ಎದುರಿಗೆ ಮಖಮಲ್ಲು ಇತ್ತು.

“ನಮ್ಮಾಕಿ ನಡಾ ಬಗ್ಗಸಾಕ ಬಂದಾಳ್ರಿ,” ಎಂದಳು. “ಅದಕ್ಕ ಬೇಕಾದ ಬಟ್ಟಿ ಹಾಕ್ಕೊಂಡಾಳ. ನೀವು ಬಂದ ಕೆಲಸಕ್ಕ ನಿಮ್ಮದೂ ಬರೋಬ್ಬರಿ ಐತಿ. ಸಾವಕಾಶ ಏಳ್ರಿ, ಕನ್ನಡಿ ಒಡದಾವು.”

ತಾರಾಬಾಯಿ ಮುಖ ತಿರುಗಿಸಿ ಕೆಮ್ಮಿದರು.

ಅಷ್ಟರಲ್ಲಿ ಬಾಗಿಲಿನಲ್ಲಿ ಕಾಕಾಸಾಹೇಬರು ಕಾಣಿಸಿಕೊಂಡರು. ತಾತ್ಯಾಸಾಹೇಬರ ದೊಡ್ಡಪ್ಪನ ಮಗ, ಕಾರ್ಯಾಲಯದ ಕಮಿಟಿಯ ಅಧ್ಯಕ್ಷರು. ಊರಿನಲ್ಲಿ ಯಾವುದಕ್ಕೇ ಅಧ್ಯಕ್ಷರು ಬೇಕಾದರೂ ಅವರೇ. ಹಿಂದೆ ಕಮಿಟಿಯ ಇಬ್ಬರು, ಹೇಳಿದ್ದಕ್ಕೆಲ್ಲ ಹೂಂಗುಟ್ಟಲು. ಹೆಂಗಸರು ಗಡಬಡಿಸಿ ಎದ್ದರು, ಓಡ್ನಿಗಳೆಲ್ಲ ತಲೆಗೇರಿದವು. ಕಾಕಾಸಾಹೇಬರು ನೆಲ ನೋಡುತ್ತಿರುವಂತೆ ಮಾಡಿ ಎಲ್ಲವನ್ನೂ ನೋಡಿದರು.

“ಊರಾಗ ಚರ್ಚಾ ನಡದೈತಿ,” ಎಂದರು. “ಮನೆತನದ ಸೊಸ್ತ್ಯಾರು ಸೀರಿ ಬಿಚ್ಚಿಟ್ಟ ಕುಣ್ಯಾಕತ್ತಾರ ಅಂತ. ನಾ ನಂಬಿದ್ದಿಲ್ಲ. ಈಗ ನಮ್ಮ ಮನೀ ಸೊಸೀನ ಗಂಡಸರ ಪೈಜಾಮದಾಗ ಕುಂತಾಳ. ತಾರಾಬಾಯಿ, ಯೋಗ ಮಾಡಸೂದಿದ್ರ ಸೀರ್ಯಾಗ ಮಾಡಸ್ರಿ. ಮರ್ಯಾದಿ ಅನ್ನೂದೊಂದ ಐತಿ.”

 ಸೋನಾಬಾಯಿ ತನ್ನ ಕನ್ನಡಿಗಳ ಮೇಲೆ ಓಡ್ನಿ ಎಳೆದುಕೊಂಡಳು. ತಾರಾಬಾಯಿ ತಮ್ಮ ಚೀಲಕ್ಕೆ ಕೈ ಹಾಕಿದರು. ಹೀಗೆ ಊರು ಬಿಡುವುದು ಅವರಿಗೆ ಹೊಸದಿರಲಿಕ್ಕಿಲ್ಲ.

“ಭಾವಾರ,” ಎಂದಳು ಚಂದ್ರಮತಿಬಾಯಿ, “ನೀವು ದಿನಾ ಮುಂಜಾನೆ ವಿಜಾಪುರ ರಸ್ತೇಕ ತಿರಗ್ಯಾಡಾಕ ಹೋಗತೀರಿ.”

“ಹೋಗತೀನಿ. ಡಾಕ್ಟರ್ ಹೇಳ್ಯಾರ.”

“ಚಡ್ಡಿ ಹಾಕ್ಕೊಂಡ ಹೋಗತೀರಿ.”

ಕಾಕಾಸಾಹೇಬರು ಧೋತರದ ಅಂಚು ಸರಿಪಡಿಸಿಕೊಂಡರು.

“ಧೋತರ ಉಟಕೊಂಡ ಯಾಕ ಹೋಗಂಗಿಲ್ಲರಿ? ಕಾಲಾಗ ತೊಡಕತೈತಿ, ಹೌದಲ್ರಿ? ಈ ವಯಸ್ಸಿನ್ಯಾಗ ನಿಮ್ಮ ತೊಡಿ ನಾವು ನೀರ ತರೂ ಹೆಣ್ಣಮಕ್ಕಳು ದಿನಾ ನೋಡಬೇಕು. ಅದು ಆರೋಗ್ಯ. ಕಣಕಾಲಮಟ ಪೈಜಾಮ, ಮೊಣಕಾಲಮಟ ಶರಟ ಹಾಕ್ಕೊಂಡ ನಾಕ ಗ್ವಾಡಿ ಒಳಗ ಕುಂತಾಕಿದು ಅಮರ್ಯಾದಿ. ಆ ಪೈಜಾಮ ನಮ್ಮ ಮನೀದು, ಶರಟೂ ನಮ್ಮ ಮನೀದು. ಅದರ ಮರ್ಯಾದಿ ನಾವು ನೋಡಕೋತೀವಿ.”

ಹೂಂಗುಟ್ಟಲು ಬಂದ ಇಬ್ಬರಲ್ಲಿ ಒಬ್ಬ ಅಭ್ಯಾಸಬಲದಿಂದ ‘ಹೂಂ’ ಎಂದುಬಿಟ್ಟ. ಕಾಕಾಸಾಹೇಬರು ಅವನ ಕಡೆ ತಿರುಗಿ ನೋಡಿದರು. ಆಮೇಲೆ, “ಹೆಣ್ಣಮಕ್ಕಳ ಕೂಡ ವಾದಾ ಮಾಡಾಕ ನಾ ಬಂದಿಲ್ಲ. ನಾಳಿಂದ ಕಾರ್ಯಾಲಯಕ್ಕ ಕೀಲಿ,” ಎಂದು ಹೊರಟರು.

“ಹಾಕ್ಕೊರ್ರಿ,” ಎಂದಳು ಚಂದ್ರಮತಿಬಾಯಿ ಅವರ ಬೆನ್ನಿಗೆ. “ನಮ್ಮ ತೋಟದಾಗ ಮನುಕ ಒಣಸೂ ಶೆಡ್ ಸುಗ್ಗೀಮಟ ಖಾಲೀನ ಇರತೈತಿ.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅವಳಿಗೆ ಗೊತ್ತಿರಲಿಲ್ಲ.

ಹೀಗೆ ಯೋಗ ತೋಟದ ಒಣದ್ರಾಕ್ಷಿ ಶೆಡ್ಡಿಗೆ ಬಂತು. ದ್ರಾಕ್ಷಿಬಳ್ಳಿ ಸವರುವ ಚಾಟಣಿಯ ಕೆಲಸ ನಡೆದಿದ್ದ ದಿನಗಳು; ಆಳುಗಳನ್ನು ತಾತ್ಯಾಸಾಹೇಬರು ಆ ಹೊತ್ತಿಗೆ ತೋಟದ ಇನ್ನೊಂದು ತುದಿಗೆ ಕಳಿಸುತ್ತಿದ್ದರು. ತಾವೂ ಅಲ್ಲಿಗೇ ಹೋಗುತ್ತಿದ್ದರು. ಶೆಡ್ಡಿನಲ್ಲಿ ಜಮಖಾನೆ ಇರಲಿಲ್ಲ, ಗೋಣಿತಟ್ಟು ಇತ್ತು. ಅದು ಸ್ಯಾಟಿನ್ನನ್ನು ಹಿಡಿದು ಜಗ್ಗುತ್ತಿತ್ತು. ಕೆಂಪು ಧೂಳು ಮಖಮಲ್ಲನ್ನು ಹತ್ತಿದರೆ ಬಿಡುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಸೋನಾಬಾಯಿಯ ನಡ ಒಂದೇ ವಾರದಲ್ಲಿ ಗುಣವಾಯಿತು. ಉಳಿದವರ ಮೊಣಕಾಲುಗಳೂ ಒಂದೊಂದಾಗಿ ನೆಟ್ಟಗಾದವು. ಕಡೆಗೆ ಉಳಿದವರು ನಿಜವಾಗಿ ನೋವಿದ್ದವರು. ಆಲಖನೂರದಿಂದ ಮಗಳ ಮನೆಗೆ ಬಂದಿದ್ದ ಗಿರಿಜವ್ವ ಅಳಿಯನ ಹಳೆಯ ಲೇಂಗಾ ಪೈಜಾಮದಲ್ಲಿ ಬಂದಳು, ಮತ್ತೊಬ್ಬಳು ಮಗಳ ಸಾಲೆಯ ಸಮವಸ್ತ್ರದ ಪೈಜಾಮ ಬಿಚ್ಚಿ ದೊಡ್ಡದು ಮಾಡಿಕೊಂಡು ಬಂದಳು. ತಾರಾಬಾಯಿ ಮೊದಲ ಸಲ ಎಲ್ಲರನ್ನೂ ನೋಡಿ, ಈಗ ಕೆಲಸ ಸುರು ಮಾಡೋಣ ಎಂದರು.

ಆದರೂ ತೇಪೆ ಚಂದ್ರಮತಿಬಾಯಿಯ ಕಣ್ಣಿಗೆ ಚುಚ್ಚುತ್ತಲೇ ಇತ್ತು. ದಸರೆಯ ಮುಂದೆ ಅವಳು ಸೊಸೆಯನ್ನು ಕರೆದುಕೊಂಡು ಶ್ರೀಪಾಲನ ಅಂಗಡಿಗೆ ಹೋದಳು.

“ಯೋಗಾ ಡ್ರೆಸ್ ಏನ್ರಿ ಅಕ್ಕಾರ?” ಎಂದು ಶ್ರೀಪಾಲ ಸ್ಯಾಟಿನ್ನಿನ ಥಾನಿಗೆ ಕೈ ಹಾಕಿದ.

“ಅದನ್ನ ನಿನ್ನ ಗಲ್ಲಾಪೆಟಗಿ ಒರಸಾಕ ಇಟಗೋ. ಮಾಂಜರಪಾಟ ತಗಿ.”

ಶ್ರೀಪಾಲ ಬಿಳಿಯ ದಪ್ಪ ಕಾಟನ್ನಿನ ಆ ಥಾನನ್ನು ಅಟ್ಟದಿಂದ ಇಳಿಸಿದ. ಚಂದ್ರಮತಿಬಾಯಿ ಅದನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು, ಬೆಳಕಿಗೆ ಹಿಡಿದಳು, ಒಂದು ಎಳೆ ಜಗ್ಗಿ ಹರಿದು ನೋಡಿದಳು. ಬೆವರು ಕುಡಿಯುತ್ತದೆ, ಒಳಗಿನದು ಕಾಣುವುದಿಲ್ಲ, ಎಷ್ಟು ಒಗೆದರೂ ತಡೆಯುತ್ತದೆ. ಕುಂದು ಹುಡುಕಿದಳು; ಸಿಗಲಿಲ್ಲ. “ಇದ ಕೊಡು,” ಎಂದಳು.

“ಅತ್ತಿ,” ಎಂದಳು ತ್ರಿಶಲಾ. ಅವಳ ಕೈ ಪಕ್ಕದ ಇನ್ನೊಂದು ಥಾನಿನ ಮೇಲಿತ್ತು. ಅದೂ ಕಾಟನ್ನೇ, ತೆಳ್ಳಗೆ, ನೀಲಿ ನೆಲದ ಮೇಲೆ ಸಣ್ಣ ಬಿಳಿ ಹೂ. “ಬಿಳೀದು ಬ್ಯಾಡ್ರಿ. ಇದು ಕೊಡಸ್ರಿ.”

ಚಂದ್ರಮತಿಬಾಯಿ ಹೂವನ್ನು ನೋಡಿದಳು, ಸೊಸೆಯನ್ನು ನೋಡಿದಳು. ಇಷ್ಟು ದಿನ ಊರಿನ ಹೆಂಗಸರ ಬಗ್ಗೆ ತಾನು ಹೇಳಿದ್ದು ತನ್ನ ಮನೆಯಲ್ಲೂ ಇತ್ತೆಂದು ಆಗ ಹೊಳೆಯಿತು.

“ಹಂಗಾರ ನೀನೂ ಆ ಸೋನಾಬಾಯಿ ಸಾಲಿನಾಕೀನ,” ಎಂದಳು.

“ನಡಾ ನೋಯತಿತ್ರಿ ಅತ್ತಿ, ಅದು ಖರೆ,” ಎಂದಳು ತ್ರಿಶಲಾ. ದನಿ ಏರಲಿಲ್ಲ. “ಹಾಕ್ಕೊಬೇಕು ಅಂತ ಆಸೀನೂ ಇತ್ತು. ಅದೂ ಖರೇನ. ಲಗ್ನದಾಗ ನನ್ನ ನೀಲಿ ಡ್ರೆಸ್ ತಂಗಿಗೆ ಕೊಟ್ಟ ಬಂದಿದ್ನಿ.”

ಶ್ರೀಪಾಲ ಕತ್ತರಿ ಹಿಡಿದು ಇಬ್ಬರನ್ನೂ ನೋಡುತ್ತ ನಿಂತಿದ್ದ.   ಚಂದ್ರಮತಿಬಾಯಿ ನೀಲಿ ಬಟ್ಟೆಯ ತುದಿ ಹಿಡಿದು, ನೀರು ತರಿಸಿ ಒದ್ದೆ ಮಾಡಿ, ತನ್ನ ಅಂಗೈಯ ಮೇಲೆ ತಿಕ್ಕಿದಳು. ಬಣ್ಣ ಬಿಡಲಿಲ್ಲ. ಹಿಂಡಿದಳು. ಬೆಳಕಿಗೆ ಹಿಡಿದಳು.

“ತೆಳ್ಳಗೈತಿ. ಒಳಗ ಅಸ್ತರ ಹಾಕಸಬೇಕಾಗತೈತಿ,” ಎಂದಳು ಕಡೆಗೆ. ಆಮೇಲೆ ಶ್ರೀಪಾಲನ ಮೇಲೆ ಹರಿಹಾಯ್ದಳು. “ನನ್ನ ಮಾರಿ ಏನ ನೋಡತಿ? ಕತ್ತರಸು. ಅಳತಿ ಜಗ್ಗಿ ಹಿಡೀಬ್ಯಾಡ, ಸಡಿಲ ಬಿಟ್ಟ ಅಳಿ.”

ದ್ರಾಕ್ಷಿ ಕೊಯ್ಲು ಬಂದು ಶೆಡ್ಡಿಗೆ ಮನುಕದ ಜಾಳಿಗೆಗಳು ಏರುವ ತನಕ ತಾರಾಬಾಯಿ ಬಂದರು. ಆಮೇಲೆ ತ್ರಿಶಲಾ ಮಾಳಿಗೆಯ ಕೋಣೆಯಲ್ಲಿ ತಾನೊಬ್ಬಳೇ ಮಾಡುತ್ತ ಹೋದಳು. ನೋವು ಹೋಯಿತು. ಚಂದ್ರಮತಿಬಾಯಿಯ ಅಭಿಪ್ರಾಯ ಮಾತ್ರ ಎಲ್ಲಿಯೂ ಹೋಗಲಿಲ್ಲ. ಸೊಸೆಯ ನಡ ಹೇಗೆ ವಾಸಿಯಾಯಿತೆಂದು ಬೀಗರು ಕೇಳಿದರೆ, ತಾನು ರಾತ್ರಿ ಕೊಬ್ಬರಿಎಣ್ಣೆ ಬಿಸಿ ಮಾಡಿ ತಿಕ್ಕಿದ್ದನ್ನು ವಿಸ್ತಾರವಾಗಿ ವರ್ಣಿಸುತ್ತಿದ್ದಳು. ತಿಕ್ಕಿದ್ದು ಒಂದೆರಡು ಸಲ, ಅದೂ ಬೈಯುತ್ತ. ತ್ರಿಶಲಾ ಚಹಾದ ತಟ್ಟೆ ಹಿಡಿದು, ಬಗ್ಗಿ, ಒಬ್ಬೊಬ್ಬರಿಗೇ ಕಪ್ಪು ಕೊಡುತ್ತಿದ್ದಳು. ಅತ್ತೆಯ ಮಾತು ತಪ್ಪೆಂದು ಅವಳು ಒಂದು ದಿನವೂ ಹೇಳಲಿಲ್ಲ.